ಗುಡ್ಡವಿಲ್ಲದ ಊರಲ್ಲಿ ಎರಡು ಗುಡ್ಡ

ಬಯಲು ಸೀಮೆಯ ಮಗು ತಾನು ಕಾಣದ ಬೆಟ್ಟ ಬರೆಯುತ್ತದೆ. ಮಾಳಿಗೆ ಮನೆಯ ಮಗು ಹೆಂಚಿನ ಸೂರು ಬರೆಯುತ್ತದೆ. ಅದೇ ಮಗು ಹಾಳೆ ಮಗುಚಿದರೆ ಅಲ್ಲಿ ಅವ್ವ, ಒಲೆ, ರೊಟ್ಟಿ! ಮಕ್ಕಳ ದಿನಾಚರಣೆಯ ಒಂದು ಚಿತ್ರಸ್ಪರ್ಧೆಯ ನೆಪದಲ್ಲಿ, ಮಗುವಿನ ಕೈಗೆ ಗೆರೆ ಕಲಿಸುವವರು ಯಾರು ಎಂದು ನೋಡೋಣ.

ನವೆಂಬರ್ ಎರಡನೇ ವಾರ. ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆ. ಜಮಖಾನದ ಮೇಲೆ ನಲವತ್ತು ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಪರೀಕ್ಷೆಯ ಪ್ಯಾಡು, ಪ್ಯಾಡಿನ ಮೇಲೆ ಡ್ರಾಯಿಂಗ್ ಶೀಟು, ಇಬ್ಬಿಬ್ಬರ ನಡುವೆ ಒಂದು ಕ್ರೇಯಾನ್ ಡಬ್ಬಿ. ಮಕ್ಕಳ ದಿನಾಚರಣೆಯ ಚಿತ್ರಸ್ಪರ್ಧೆ. ಕಪ್ಪು ಹಲಗೆಯ ಮೇಲೆ ವಿಷಯ ಬರೆದಿದೆ: ‘ನಮ್ಮ ಊರು’. ತೀರ್ಪುಗಾರರಲ್ಲಿ ನಾನೂ ಒಬ್ಬ.

ಅರ್ಧ ಗಂಟೆ ಬಿಟ್ಟು ಸಾಲುಗಳ ನಡುವೆ ನಡೆದೆ. ಮೊದಲ ಹಾಳೆಯಲ್ಲಿ ಎರಡು ಗುಡ್ಡ, ನಡುವೆ ಅರ್ಧ ಸೂರ್ಯ. ಗುಡ್ಡದ ಬುಡದಿಂದ ಬಳುಕುತ್ತ ಬರುವ ನದಿ. ಪಕ್ಕದಲ್ಲಿ ಇಳಿಜಾರು ಸೂರಿನ ಒಂದು ಮನೆ, ಒಂದು ತೆಂಗಿನ ಮರ. ಆಕಾಶದಲ್ಲಿ ನಾಲ್ಕು ಹಕ್ಕಿ, ರೆಕ್ಕೆ ಮಾತ್ರ. ಎರಡನೇ ಹಾಳೆಯಲ್ಲೂ ಅದೇ. ಮೂರನೆಯದರಲ್ಲೂ ಅದೇ. ನಲವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಹಾಳೆಗಳಲ್ಲಿ ಅದೇ ಗುಡ್ಡ, ಅದೇ ಸೂರ್ಯ.

ಕಿಟಕಿಯ ಆಚೆ ನೋಡಿದೆ. ಕಣ್ಣು ಹಾಯುವಷ್ಟು ದೂರ ಚಪ್ಪಟೆ ನೆಲ. ತುಂಗಭದ್ರೆ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆ ಹಣ್ಣಾಗಿ ನಿಂತಿದೆ. ಕೊಯ್ಯುವ ಯಂತ್ರವೊಂದು ಧೂಳೆಬ್ಬಿಸುತ್ತ ಹೊರಳುತ್ತಿದೆ. ಊರಿನ ಮನೆಗಳದೆಲ್ಲ ಚಪ್ಪಟೆ ಮಾಳಿಗೆ. ಗುಡ್ಡವಿಲ್ಲ, ನದಿಯಿಲ್ಲ, ಇಳಿಜಾರು ಸೂರಿಲ್ಲ.

ಐದನೇ ಇಯತ್ತೆಯ ಹುಡುಗನ ಪಕ್ಕ ಕುಕ್ಕರಗಾಲಲ್ಲಿ ಕೂತೆ.

“ಇದು ಯಾವೂರಪ್ಪಾ?”

“ನಮ್ಮೂರು ರೀ.”

“ನಿಮ್ಮೂರಾಗ ಗುಡ್ಡ ಎಲ್ಲದ?”

ಹುಡುಗ ಕಿಟಕಿ ನೋಡಿದ, ಹಾಳೆ ನೋಡಿದ. ಗಲಿಬಿಲಿಗೊಳ್ಳಲಿಲ್ಲ. “ಊರಾಗ ಇಲ್ರಿ. ಚಿತ್ರಕ್ಕ ಬೇಕಾಗ್ತದ್ರಿ.”

ಚಿತ್ರಕ್ಕೆ ಬೇಕಾಗುತ್ತದೆ! ಮಕ್ಕಳ ಚಿತ್ರದ ಬಗ್ಗೆ ನಾನು ಓದಿದ ಎಷ್ಟೋ ಪುಟಗಳ ಸಾರವನ್ನು ಆ ಹುಡುಗ ಎರಡು ಪದದಲ್ಲಿ ಹೇಳಿದ್ದ.

ಬರೆಯುವುದು ಎಂಬ ಮಾತು

ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಮಗುವಿನ ಮಟ್ಟಿಗೆ ಇದು ಬಹಳ ನಿಜ. ‘ಅ’ ಹೇಗೆ ತಿರುಗುತ್ತದೆಂದು ಅಕ್ಕನನ್ನು ನೋಡಿ ಕಲಿಯುವ ಹಾಗೆಯೇ ‘ಮನೆ’ ಹೇಗೆ ತಿರುಗುತ್ತದೆಂಬುದನ್ನೂ ಮಗು ಅಕ್ಕನಿಂದಲೇ ಕಲಿಯುತ್ತದೆ. ಚೌಕ ಹಾಕು, ಮೇಲೆ ತ್ರಿಕೋನ ಇಡು, ಬಾಗಿಲು ಕೊರೆ. ಇದು ಮನೆಯ ಅಕ್ಷರ. ಎರಡು ಗುಡ್ಡ ಮತ್ತು ಸೂರ್ಯ ‘ಸೀನರಿ’ ಎಂಬ ಪದದ ಕಾಗುಣಿತ.

ಮಗು ಎದುರಿಗಿದ್ದುದನ್ನು ನೋಡಿ ಬರೆಯುತ್ತದೆ ಎಂದು ದೊಡ್ಡವರು ಭಾವಿಸುತ್ತೇವೆ. ಅದು ಬಹುಮಟ್ಟಿಗೆ ಬೇರೆ ಚಿತ್ರಗಳನ್ನು ನೋಡಿ ಬರೆಯುತ್ತದೆ. ಅಮೆರಿಕದ ಕಲಾಶಿಕ್ಷಣ ತಜ್ಞ ದಂಪತಿ ಬ್ರೆಂಟ್ ವಿಲ್ಸನ್ ಮತ್ತು ಮಾರ್ಜರಿ ವಿಲ್ಸನ್ 1977ರಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದಾಗ ಅನೇಕರಿಗೆ ಅದು ರುಚಿಸಲಿಲ್ಲ. ಮಗುವಿನ ಚಿತ್ರ ಒಳಗಿನಿಂದ ತಾನಾಗಿ ಅರಳುವ ಹೂವು, ಹೊರಗಿನ ಗಾಳಿ ತಾಗಿದರೆ ಕೆಡುತ್ತದೆ ಎಂಬ ನಂಬಿಕೆ ಆಗ ಬಲವಾಗಿತ್ತು.

ವಿಲ್ಸನ್ ದಂಪತಿ ಎತ್ತಿ ತೋರಿಸಿದ ಒಂದು ಸಂಗತಿ ನನಗೆ ತುಂಬ ಇಷ್ಟ. ಅದಕ್ಕೆ ಮೊದಲು ಬೊಲೋನ್ಯಾ ನಗರಕ್ಕೆ ಹೋಗಬೇಕು. 1880ರ ದಶಕದಲ್ಲಿ ಅಲ್ಲೊಂದು ದಿನ ಮಳೆ. ಇಟಲಿಯ ಕಲಾ ಇತಿಹಾಸಕಾರ ಕೊರಾಡೊ ರಿಚ್ಚಿ ಮಳೆಯಿಂದ ತಪ್ಪಿಸಿಕೊಳ್ಳಲು ಬೀದಿ ಬದಿಯ ಕಮಾನಿನಡಿ ನಿಂತರು. ಗೋಡೆಯ ತುಂಬ ಮಕ್ಕಳು ಗೀಚಿದ ಚಿತ್ರಗಳು. ಮಳೆ ನಿಲ್ಲುವವರೆಗೆ ನೋಡಿದರು, ಆಮೇಲೆ ಮಕ್ಕಳ ಚಿತ್ರಗಳನ್ನು ಸಂಗ್ರಹಿಸಲು ಹೊರಟರು. 1887ರಲ್ಲಿ ಅವರು ಪ್ರಕಟಿಸಿದ್ದು ಮಕ್ಕಳ ಕಲೆಯ ಕುರಿತ ಮೊದಮೊದಲ ಪುಸ್ತಕಗಳಲ್ಲೊಂದು.

ಆ ಕಾಲದ ಮಕ್ಕಳು ಮುಖವನ್ನು ಪಕ್ಕದಿಂದ ಬರೆಯುತ್ತಿದ್ದರು, ಮೂಗು ಒಂದು ಕಡೆಗೆ ಚಾಚಿರುತ್ತಿತ್ತು. ಆದರೆ ಕಣ್ಣು ಎರಡು! ಇಟಲಿಯಲ್ಲೂ ಹೀಗೆ, ಅಮೆರಿಕದಲ್ಲೂ ಹೀಗೆ. ಇದು ಮಗುವಿನ ಬುದ್ಧಿ ಬೆಳೆಯುವಾಗ ಬಂದೇ ಬರುವ ಹಂತ ಎಂದು ಪಂಡಿತರು ಬರೆದಿಟ್ಟರು. ಕೆಲವು ದಶಕ ಕಳೆಯುವಷ್ಟರಲ್ಲಿ ಎರಡು ಕಣ್ಣಿನ ಆ ಪಕ್ಕಮುಖ ಮಕ್ಕಳ ಹಾಳೆಗಳಿಂದ ಹೆಚ್ಚುಕಡಿಮೆ ಮಾಯವಾಯಿತು. ಮಕ್ಕಳ ಬುದ್ಧಿಯ ಹಂತವೊಂದು ಹೀಗೆ ಕಾಣೆಯಾಗಲು ಸಾಧ್ಯವೇ? ಅದು ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳಿಗೆ ದಾಟಿ ಬರುತ್ತಿದ್ದ ಒಂದು ರೂಢಿ; ಅಚ್ಚಾದ ಚಿತ್ರಗಳು ಮನೆಮನೆಗೆ ಬಂದ ಮೇಲೆ ಮಕ್ಕಳಿಗೆ ಬೇರೆ ಮಾದರಿ ಸಿಕ್ಕಿತು, ಹಳೆಯದು ಬಿಟ್ಟುಹೋಯಿತು ಎಂಬುದು ವಿಲ್ಸನ್ ದಂಪತಿಯ ವಾದ. ನಮ್ಮ ಎರಡು ಗುಡ್ಡಗಳೂ ಇದೇ ದಾರಿಯಲ್ಲಿ ನಡೆದು ಸಿಂಧನೂರಿಗೆ ಬಂದಿವೆ.

[ ಗೀಚಿನಿಂದ ಗೆರೆಗೆ ]
ಒಂದೂವರೆ, ಎರಡು ವರ್ಷ: ಬರೀ ಗೀಚು. ಕೈ ಆಡಿಸಿದರೆ ಗುರುತು ಮೂಡುತ್ತದೆ ಎಂಬುದೇ ಸಂಭ್ರಮ.
ಮೂರು, ನಾಲ್ಕು: ದುಂಡು ತಲೆ, ತಲೆಯಿಂದಲೇ ಇಳಿದ ಎರಡು ಕಾಲು. ಹೊಟ್ಟೆ ಇಲ್ಲದ ಈ ಗೊದಮೊಟ್ಟೆ ಮನುಷ್ಯ ಬಹಳಷ್ಟು ದೇಶಗಳ ಮಕ್ಕಳಲ್ಲಿ ಕಾಣುತ್ತಾನೆ.
ಐದರಿಂದ ಏಳು: ಕೆಳಗೆ ನೆಲದ ಗೆರೆ, ಮೇಲೆ ಆಕಾಶದ ನೀಲಿ ಪಟ್ಟಿ, ನಡುವೆ ಖಾಲಿ. ಮನೆ, ಊರು, ಹಬ್ಬ ಚಿತ್ರಕ್ಕಿಳಿಯುವುದು ಇಲ್ಲಿಂದ.
ಒಂಬತ್ತರ ಮೇಲೆ: “ನಂಗೆ ಸರಿಯಾಗಿ ಬರಲ್ಲ.” ಎಷ್ಟೋ ಮಕ್ಕಳು ಪೆನ್ಸಿಲ್ ಕೆಳಗಿಡುವುದು ಈ ವಯಸ್ಸಿನಲ್ಲಿ.
ಸ್ಯಾನ್ ಫ್ರಾನ್ಸಿಸ್ಕೊದ ರೋಡಾ ಕೆಲ್ಲಾಗ್ ಮಕ್ಕಳ 10 ಲಕ್ಷಕ್ಕೂ ಹೆಚ್ಚು ಚಿತ್ರ ಕೂಡಿಹಾಕಿ, ಗೀಚುಗಳಲ್ಲೇ 20 ಮೂಲ ಬಗೆ ಗುರುತಿಸಿದ್ದರು. ಅವರ ಮುಖ್ಯ ಪುಸ್ತಕ ಬಂದದ್ದು 1969ರಲ್ಲಿ.

ಹಾಳೆಯ ಹಿಂಬದಿ

ಅದೇ ಕೋಣೆಯ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ತನ್ನ ಸೀನರಿಯನ್ನು ಎಲ್ಲರಿಗಿಂತ ಮೊದಲೇ ಮುಗಿಸಿದ್ದಳು. ಹೊತ್ತು ಉಳಿದಿತ್ತು. ಹಾಳೆ ಮಗುಚಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನೋ ಬರೆಯುತ್ತಿದ್ದಳು. ನಾನು ಬಗ್ಗಿದ ಕೂಡಲೇ ಅಂಗೈಯಿಂದ ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಕಾದ ಮೇಲೆ ಕೈ ತೆಗೆದಳು.

ನಡುವೆ ಒಬ್ಬ ಹೆಂಗಸು ಕೂತಿದ್ದಾಳೆ. ತಲೆ ಪುಟ್ಟದು, ಕೈ ಮಾತ್ರ ಇಡೀ ಹಾಳೆಯಲ್ಲಿ ದೊಡ್ಡದು. ಬೆರಳುಗಳನ್ನು ಎಣಿಸಿದೆ, ಒಂದು ಕೈಗೆ ಏಳು. ಮಣಿಕಟ್ಟಿನ ತುಂಬ ಬಳೆ. ಮುಂದೆ ಒಲೆ, ಒಲೆಯೊಳಗೆ ಕಟ್ಟಿಗೆ ಉರಿಯುವುದು ಹೊರಗಿನಿಂದಲೇ ಕಾಣುತ್ತದೆ. ಸುತ್ತ ದುಂಡು ದುಂಡು ವೃತ್ತಗಳು.

“ಇದ್ಯಾರವ್ವಾ?”

“ನಮ್ಮವ್ವ ರೀ. ರೊಟ್ಟಿ ಬಡೀತಾಳ್ರಿ. ಹಂಚಿನ ಮ್ಯಾಲ ಒಂದು, ಪುಟ್ಟ್ಯಾಗ ಆರು.”

ಪುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದ ರೊಟ್ಟಿ ಎದುರಿನಿಂದ ನೋಡಿದರೆ ಗೆರೆಗಳ ಹಾಗೆ ಕಾಣಬೇಕು. ಅವಳ ಪುಟ್ಟಿಯಲ್ಲಿ ಆರೂ ಪೂರ್ಣಚಂದ್ರನ ಹಾಗೆ ಬಿಡಿಬಿಡಿಯಾಗಿ ತೇಲುತ್ತಿದ್ದವು. ಫ್ರಾನ್ಸಿನ ಜಾರ್ಜ್ ಹೆನ್ರಿ ಲುಕೆ ತನ್ನ ಮಗಳು ಸಿಮೋನ್ ಬರೆದ ಚಿತ್ರಗಳನ್ನೆಲ್ಲ ವರ್ಷಗಟ್ಟಲೆ ಕೂಡಿಟ್ಟು 1913ರಲ್ಲಿ ಪುಸ್ತಕ ಮಾಡಿದವನು. ಮಗು ಕಣ್ಣಿಗೆ ಕಂಡದ್ದಕ್ಕಿಂತ ತಾನು ಬಲ್ಲದ್ದನ್ನು ಬರೆಯುತ್ತದೆ ಎಂದವನು ಅವನೇ. ರೊಟ್ಟಿ ದುಂಡಗಿರುತ್ತದೆ, ಒಲೆಯೊಳಗೆ ಬೆಂಕಿ ಇರುತ್ತದೆ. ಇವಳು ಬಲ್ಲಳು, ಅದಕ್ಕೇ ಬರೆದಿದ್ದಾಳೆ.

ಅವ್ವನ ಮಂಡಿಯ ಹತ್ತಿರ ಒಂದು ಪುಟ್ಟ ಆಯತ, ಅದರೊಳಗೆ ಮೀಸೆಯಿರುವ ಒಂದು ಮುಖ.

“ಇದು?”

“ಅಪ್ಪ ರೀ. ಬೆಂಗಳೂರಾಗ ದುಡೀತಾನ್ರಿ. ಫೋನಿನ್ಯಾಗ ಅದಾನ.”

ರಾಯಚೂರು ಜಿಲ್ಲೆಯಿಂದ ಕೂಲಿಗೆಂದು ಬೆಂಗಳೂರಿಗೆ ಹೋಗುವವರ ಸುದ್ದಿಯನ್ನು ನಾನು ಎಷ್ಟೋ ಸಲ ಬರೆದಿದ್ದೇನೆ. ಅಷ್ಟನ್ನೂ ಆ ಹುಡುಗಿ ಅರ್ಧ ಬೆರಳಷ್ಟು ಜಾಗದಲ್ಲಿ ಬರೆದಿದ್ದಳು.

ಅವಳ ಹಾಳೆಯ ಮುಂಬದಿಯಲ್ಲಿ ಶಾಲೆಯಿಂದ, ಗೆಳತಿಯರಿಂದ ಬಂದ ಚಿತ್ರವಿತ್ತು, ಹಿಂಬದಿಯಲ್ಲಿ ಮನೆಯಿಂದ ಬಂದ ಚಿತ್ರ. ಎರಡೂ ಅವಳವೇ. ಮುಂಬದಿಯದು ಸುಳ್ಳು, ಹಿಂಬದಿಯದು ಮಾತ್ರ ನಿಜ ಎಂದು ನಾನು ಹೇಳಲಾರೆ. ಆದರೆ ಹಿಂಬದಿಯದನ್ನು ಅಂಗೈಯಿಂದ ಮುಚ್ಚಿಕೊಳ್ಳಬೇಕು ಎಂದು ಎಂಟು-ಒಂಬತ್ತು ವರ್ಷದ ಮಗುವಿಗೆ ಅನ್ನಿಸಿತಲ್ಲ, ಅದು ನನ್ನನ್ನು ಇಂದಿಗೂ ಕಾಡುತ್ತದೆ.

ನಗುವ ಮುಖ, ನಗದ ಮುಖ

ಮನೆಯ ವಸ್ತುಗಳು ಚಿತ್ರಕ್ಕೆ ಬರುವುದು ಸಹಜ. ಮನೆಯ ನಡವಳಿಕೆಯೂ ಬರುತ್ತದೆಯೇ?

ಜರ್ಮನಿಯ ಮನೋವಿಜ್ಞಾನಿ ಹೈಡಿ ಕೆಲ್ಲರ್ ಮತ್ತು ಸಂಗಡಿಗರು ಎರಡು ಕಡೆಯ ಪುಟ್ಟ ಮಕ್ಕಳಿಗೆ ತಮ್ಮನ್ನು, ತಮ್ಮ ಕುಟುಂಬವನ್ನು ಬರೆಯಲು ಹೇಳಿದರು. ಒಂದು ಕಡೆ ಜರ್ಮನಿಯ ನಗರಗಳ ಮಧ್ಯಮ ವರ್ಗದ ಮಕ್ಕಳು. ಇನ್ನೊಂದು ಕಡೆ ಆಫ್ರಿಕಾದ ಕ್ಯಾಮರೂನಿನ ನ್ಸೋ ಜನರ, ಹೊಲ ಗೇಯುವ ಮನೆಗಳ ಮಕ್ಕಳು. ಜರ್ಮನ್ ಮಕ್ಕಳು ತಮ್ಮನ್ನು ದೊಡ್ಡದಾಗಿ, ನಗುಮುಖದಲ್ಲಿ ಬರೆದುಕೊಂಡರು. ನ್ಸೋ ಮಕ್ಕಳ ಆಕೃತಿಗಳು ಚಿಕ್ಕವು, ಮುಖದಲ್ಲಿ ನಗುವೂ ಇಲ್ಲ ಅಳುವೂ ಇಲ್ಲ.

ನ್ಸೋ ಮಕ್ಕಳು ದುಃಖದಲ್ಲಿದ್ದರೆಂದು ಹೇಳಿದರೆ ತಪ್ಪಾದೀತು. ಆ ತಾಯಂದಿರಿಗೆ ಶಾಂತವಾಗಿರುವ, ಎಲ್ಲರೊಡನೆ ಹೊಂದಿಕೊಳ್ಳುವ, ಹಿರಿಯರಿಗೆ ತಗ್ಗಿ ನಡೆಯುವ ಮಗುವೇ ಒಳ್ಳೆಯ ಮಗು. ಜರ್ಮನಿಯ ಅಪ್ಪ ಅಮ್ಮಂದಿರು ಮಗುವಿನ ಮುಖ ನೋಡಿ ನಗುತ್ತಾರೆ, ‘ನೀನೇ ವಿಶೇಷ’ ಎಂದು ದಿನವೂ ಹೇಳುತ್ತಾರೆ. ಎರಡು ಬಗೆಯ ಸಾಕುವಿಕೆ ಎರಡು ಬಗೆಯ ಗೆರೆಯಾಗಿ ಹಾಳೆಗೆ ಇಳಿದಿದೆ. ನಮ್ಮಲ್ಲೂ ಗಮನಿಸಿ. ಅಜ್ಜಿ, ಚಿಕ್ಕಪ್ಪ, ಅತ್ತೆ ತುಂಬಿದ ಮನೆಯ ಮಗು ‘ನಾನು’ ಬರೆ ಎಂದರೂ ಪಕ್ಕದಲ್ಲಿ ಇಬ್ಬರನ್ನು ನಿಲ್ಲಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇನ್ನೊಂದು ಉದಾಹರಣೆ ಮಧ್ಯ ಆಸ್ಟ್ರೇಲಿಯಾದ ಮರಳುಗಾಡಿನದು. ಅಲ್ಲಿಯ ವಾರ್ಲ್‌ಪಿರಿ ಜನರ ಹೆಂಗಸರು ಮರಳಿನ ಮೇಲೆ ಬೆರಳಾಡಿಸುತ್ತ ಕಥೆ ಹೇಳುತ್ತಾರೆ. ಅವರಲ್ಲಿ ಮನುಷ್ಯ ಎಂದರೆ ಕುದುರೆ ಲಾಳದ ಆಕಾರದ ಒಂದು ಗುರುತು. ಮರಳಿನಲ್ಲಿ ಕೂತೆದ್ದವನು ಉಳಿಸಿದ ಅಚ್ಚು ಅದು. ಬ್ರಿಟನ್ನಿನ ಮೊರೀನ್ ಕಾಕ್ಸ್ 1990ರ ದಶಕದಲ್ಲಿ ಅಲ್ಲಿಯ ಶಾಲಾ ಮಕ್ಕಳ ಚಿತ್ರಗಳನ್ನು ನೋಡಿದಾಗ ಎಷ್ಟೋ ಮಕ್ಕಳು ಒಂದೇ ಹಾಳೆಯಲ್ಲಿ ಎರಡನ್ನೂ ಬರೆದಿದ್ದರು: ಅಜ್ಜಿಯ ಲಾಳದ ಗುರುತು, ಪಕ್ಕದಲ್ಲೇ ಶಾಲೆಯ ಕೈಕಾಲಿನ ಗೊಂಬೆ. ಒಂದು ಬಂದಿತೆಂದು ಇನ್ನೊಂದು ಹೋಗಿರಲಿಲ್ಲ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಆಡಿ ಬೆಳೆಯುವ ನಮ್ಮ ಮಕ್ಕಳಿಗೆ ಇದು ಎಷ್ಟು ಸಲೀಸಾಗಿ ಅರ್ಥವಾದೀತು!

ಮಣ್ಣೆತ್ತು ಕಲಿಸಿದ ಕೊಂಬು

ಹಾಗಾದರೆ ನಮ್ಮ ಮನೆಗಳ ಮರಳು ಯಾವುದು? ಉತ್ತರ ಕರ್ನಾಟಕದಲ್ಲಿ ಅದು ಮಣ್ಣು. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ. ಕೆರೆಯದೋ ಹೊಲದ್ದೋ ಜಿಗುಟು ಎರೆಮಣ್ಣು ತಂದು ನಾದಿ ಜೋಡೆತ್ತು ಮಾಡಬೇಕು. ಇಣಿ ಎತ್ತಬೇಕು, ಕೊಂಬು ತೀಡಬೇಕು, ಕೊರಳಿಗೆ ಗೆಜ್ಜೆ ಒತ್ತಬೇಕು. ಆಷಾಢದ ಮಂಗಳವಾರಗಳಂದು ಮಣ್ಣಿನ ಗುಳ್ಳವ್ವ. ಇಂಥ ಮನೆಯ ಮಗುವಿಗೆ ಎತ್ತು ಬರೆ ಎನ್ನಿ. ಮನುಷ್ಯರನ್ನು ಕಡ್ಡಿಗಳ ಹಾಗೆ ಬರೆಯುವ ಅದೇ ಕೈ ಎತ್ತಿನ ಇಣಿಯನ್ನು ಒಂದೇ ಗೆರೆಯಲ್ಲಿ ತುಂಬಿಕೊಡುತ್ತದೆ, ಕೊಂಬಿನ ಬಾಗು ತಪ್ಪುವುದಿಲ್ಲ. ಕಣ್ಣು ಮರೆತರೂ ಹೆಬ್ಬೆರಳಿಗೆ ನೆನಪಿದೆ. ಸ್ಪರ್ಧೆಯ ದಿನ ಗುಡ್ಡ ಬರೆಯದೆ ಉಳಿದಿದ್ದ ಕೆಲವೇ ಹಾಳೆಗಳಲ್ಲಿ ಎರಡರಲ್ಲಿ ಎತ್ತುಗಳಿದ್ದವು. ಆ ಎತ್ತುಗಳು ಉಸಿರಾಡುತ್ತಿದ್ದವು.

ದಕ್ಷಿಣದ ಕಡೆಗೆ ಬಂದರೆ ಅಂಗಳದ ರಂಗೋಲಿ. ಬೆಳಿಗ್ಗೆ ಅಮ್ಮ ನೀರು ಹಾಕಿ, ಚುಕ್ಕಿ ಇಟ್ಟು, ಎಳೆ ಎಳೆಯುವುದನ್ನು ನೋಡುತ್ತ ಬೆಳೆದ ಮಗುವಿಗೆ ಅಳತೆಪಟ್ಟಿ ಬೇಡ. ಎಡಕ್ಕೆ ಒಂದು ದಳ ಬಂದರೆ ಬಲಕ್ಕೆ ಒಂದು ಬರಬೇಕೆಂದು ಗೊತ್ತು, ಹೊರಟ ಗೆರೆ ಸುತ್ತಿ ಹೊರಟಲ್ಲಿಗೇ ಬಂದು ಸೇರಬೇಕೆಂದೂ ಗೊತ್ತು. ಇದರಲ್ಲಿ ಒಂದು ಕೊರತೆಯಿದೆ, ಹೇಳಿಬಿಡುತ್ತೇನೆ. ರಂಗೋಲಿ ಡಬ್ಬಿಯನ್ನು ನಾವು ಹೆಣ್ಣುಮಕ್ಕಳ ಕೈಗೆ ಮಾತ್ರ ಕೊಟ್ಟೆವು. ಗಂಡುಮಕ್ಕಳು ಹೊಸ್ತಿಲ ಮೇಲೆ ನಿಂತು ನೋಡಿದರು, ದಾಟಿ ಹೋದರು. ಅವರ ಹಾಳೆಗಳ ತುಂಬ ಟ್ರ್ಯಾಕ್ಟರು, ಜೆಸಿಬಿ, ಕ್ರಿಕೆಟ್ ಬ್ಯಾಟು. ಆ ಡಬ್ಬಿ ಅವರಿಗೂ ಸಿಗಲಿ.

ಮಲೆನಾಡಿನ ದೀವರ ಮನೆಗಳಿಗೆ ಹೋದರೆ ಗೋಡೆಯೇ ಹಾಳೆ. ಮದುವೆಗೆ ಹಸೆಗೋಡೆ ಬರೆಯುವ ಹೆಂಗಸರ ಪಕ್ಕದಲ್ಲಿ ಬಣ್ಣದ ಬಟ್ಟಲು ಹಿಡಿದು ಕೂರುವ ಹುಡುಗಿಯೇ ಮುಂದೆ ಗೆರೆ ಎಳೆಯುವವಳು. ಅವಳಿಗೆ ಯಾರೂ ಪಾಠ ಮಾಡುವುದಿಲ್ಲ. ಮೊದಲು ಬಟ್ಟಲು ಹಿಡಿ, ಆಮೇಲೆ ಅಂಚು ತುಂಬು, ಕೈ ನಡುಗದಂತಾದ ಮೇಲೆ ಉದ್ದದ ಎಳೆ. ಹಸೆಯ ಸೊಗಸೆಲ್ಲ ಆ ನೇರ ಎಳೆಯಲ್ಲಿದೆ.

[ ಗೋಡೆಗೆ ಬಂದ ಬಣ್ಣ ]
ಹಸೆ ಚಿತ್ತಾರ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಮತ್ತು ಉತ್ತರ ಕನ್ನಡದ ಸಿದ್ದಾಪುರದ ಕಡೆ ದೀವರ ಹೆಣ್ಣುಮಕ್ಕಳ ಕೈಯಲ್ಲಿ ಉಳಿದು ಬಂದಿದೆ. ಕೆಮ್ಮಣ್ಣು ಬಳಿದ ಗೋಡೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಚರಗ ಹೊತ್ತೊಯ್ಯುವ ಬಿದಿರಿನ ಬುಟ್ಟಿಯ ಮೇಲೂ ಇದೇ ಚಿತ್ತಾರ.

ಕಾಯಿಲೆ ಹುಡುಕಬೇಡಿ

ಮಗುವಿನ ಚಿತ್ರ ಮನೆಯ ಕನ್ನಡಿ ಎಂದು ಕೇಳಿದ ಕೂಡಲೇ ಕೆಲವರು ಹಾಳೆ ಹಿಡಿದು ಜಾತಕ ನೋಡಲು ಶುರುಮಾಡುತ್ತಾರೆ. ಕಪ್ಪು ಬಣ್ಣ ಬಳಸಿದೆ, ಮನಸ್ಸಿಗೆ ನೋವಾಗಿದೆ. ಕೈ ಬರೆದಿಲ್ಲ, ಧೈರ್ಯವಿಲ್ಲ. ಅಪ್ಪ ಚಿಕ್ಕದಾಗಿದ್ದಾನೆ, ಅಪ್ಪನ ಮೇಲೆ ಪ್ರೀತಿಯಿಲ್ಲ. ಮೊಬೈಲಿನಲ್ಲಿ ಇಂಥ ಪಟ್ಟಿಗಳು ಹರಿದಾಡುತ್ತವೆ. ದಯವಿಟ್ಟು ನಂಬಬೇಡಿ.

ಕಪ್ಪು ಬಣ್ಣ ಬಳಸಿದ್ದು ಡಬ್ಬಿಯಲ್ಲಿ ಅದೊಂದೇ ಮುರಿಯದೆ ಉಳಿದಿತ್ತೆಂಬ ಕಾರಣಕ್ಕಿರಬಹುದು. ಪುಟ್ಟ ಮಗು ತಲೆಯನ್ನು ಮೊದಲು ದೊಡ್ಡದಾಗಿ ಬರೆದು, ಕಾಲಿಗೆ ಬರುವಷ್ಟರಲ್ಲಿ ಹಾಳೆ ಮುಗಿದಿರುತ್ತದೆ. ಸಿಂಧನೂರಿನ ಆ ಅಪ್ಪ ಏಕೆ ಅಷ್ಟು ಪುಟ್ಟದಾಗಿದ್ದ? ಫೋನು ಅಷ್ಟೇ ದೊಡ್ಡದು! ಕೇಳಿರದಿದ್ದರೆ ನಾನೂ ಏನೋ ಬೇರೆ ಅರ್ಥ ಕಟ್ಟುತ್ತಿದ್ದೆ. ಚಿತ್ರದಿಂದ ಮಗುವನ್ನು ಅಳೆಯುವ ಹಂಬಲ ಹಳೆಯದು. 1926ರಲ್ಲಿ ಅಮೆರಿಕದ ಫ್ಲಾರೆನ್ಸ್ ಗುಡ್‌ಇನಫ್ ‘ಒಬ್ಬ ಮನುಷ್ಯನನ್ನು ಬರೆ’ ಎಂದು ಹೇಳಿ ಮಗುವಿನ ಬುದ್ಧಿ ಅಳೆಯುವ ಪರೀಕ್ಷೆ ರೂಪಿಸಿದರು. ಮನುಷ್ಯನನ್ನು ಬರೆಯುವ ಅಭ್ಯಾಸವೇ ಇಲ್ಲದ ಸಂಸ್ಕೃತಿಯ ಮಕ್ಕಳನ್ನು ಆ ಅಳತೆಗೋಲಿನಿಂದ ಅಳೆಯುವುದು ಹೇಗೆ ಎಂಬ ಪ್ರಶ್ನೆ ಆ ಪರೀಕ್ಷೆಯನ್ನು ಬಿಡಲೇ ಇಲ್ಲ.

ತಿದ್ದುವ ಕೈ

ನನಗಿರುವ ತಕರಾರು ಗುಡ್ಡದ ಮೇಲಲ್ಲ. ಎಲ್ಲ ಮಕ್ಕಳೂ ಎಲ್ಲಿಂದಲೋ ಒಂದು ಮಾದರಿ ಎತ್ತಿಕೊಳ್ಳುತ್ತಾರೆ. ಜಪಾನಿನ ಮಕ್ಕಳು ಮಾಂಗಾ ಕಥೆಗಳ ದೊಡ್ಡ ಕಣ್ಣು ಎತ್ತಿಕೊಂಡರು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗು ಇಂಗ್ಲಿಷ್ ಚಿತ್ರಪುಸ್ತಕದಿಂದ ಹೊಗೆಗೂಡಿನ ಮನೆ ಎತ್ತಿಕೊಂಡಿದೆ. ಒಂದೇ ಮಾದರಿ ಸಿಕ್ಕು, ಅದೊಂದೇ ‘ಚಿತ್ರ’ ಎನ್ನಿಸಿಕೊಂಡು, ಮನೆಯಲ್ಲಿರುವುದು ಚಿತ್ರಕ್ಕೆ ಲಾಯಕ್ಕಿಲ್ಲ ಎಂದು ಮಗು ನಂಬಿಬಿಡುವುದು ನನಗೆ ಸಂಕಟ. ಅದನ್ನು ನಂಬಿಸುವವರು ನಾವೇ. “ಆಕಾಶ ಹಸಿರಿರ್ತದಾ?” ಎನ್ನುತ್ತೇವೆ. “ಗೆರೆ ದಾಟಬೇಡ” ಎಂದು ಬಣ್ಣ ತುಂಬುವ ಪುಸ್ತಕ ಕೈಗಿಡುತ್ತೇವೆ. ಆ ಪುಸ್ತಕಗಳು ಮಗುವಿನ ಸ್ವಂತ ಗೆರೆಯ ಮೇಲಿನ ಭರವಸೆ ಕಸಿಯುತ್ತವೆ ಎಂದು ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಎಚ್ಚರಿಸಿದ್ದರು. ಇಂದಿಗೂ ಹುಟ್ಟುಹಬ್ಬಕ್ಕೆ ನಾವು ಅದನ್ನೇ ಕೊಳ್ಳುತ್ತೇವೆ.

ಒಳ್ಳೆಯದೂ ನಮ್ಮಲ್ಲೇ ಇದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ತರಗತಿಗಳಲ್ಲಿ ಗೋಡೆಯುದ್ದಕ್ಕೂ ಮಗುವಿನ ಎತ್ತರಕ್ಕೆ ಕಪ್ಪು ಹಲಗೆ. ತಲೆಯ ಮೇಲೆ ದಾರದ ಚಪ್ಪರ, ಆ ಚಪ್ಪರಕ್ಕೆ ಮಕ್ಕಳು ಬರೆದದ್ದೆಲ್ಲ ತೂಗಿಬೀಳುತ್ತದೆ. ಬಹುಮಾನ ಬಂದದ್ದು, ಬಾರದ್ದು ಎಂಬ ಭೇದವಿಲ್ಲ. ಅಂಥ ಚಪ್ಪರವೊಂದು ಪ್ರತಿ ಮನೆಯಲ್ಲೂ ಇರಬಾರದೇ?

ಆ ದಿನದ ಸ್ಪರ್ಧೆಯ ಕಥೆ ಮುಗಿಸುತ್ತೇನೆ. ಹಾಳೆಯ ಮುಂಬದಿಯನ್ನು ಮಾತ್ರ ನೋಡಬೇಕೆಂಬುದು ನಿಯಮ. ಹಿಂಬದಿಯನ್ನೂ ನೋಡೋಣ ಎಂದೆ, ಒಪ್ಪಿಗೆಯಾಗಲಿಲ್ಲ. ಮೊದಲ ಬಹುಮಾನ ಅಚ್ಚುಕಟ್ಟಾಗಿ ಬಣ್ಣ ತುಂಬಿದ ಎರಡು ಗುಡ್ಡಗಳಿಗೆ ಹೋಯಿತು. ರೊಟ್ಟಿಯ ಹುಡುಗಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ. ಹೊರಡುವಾಗ ಆ ಹಾಳೆಯನ್ನು ಕೇಳಿದೆ. ಕೊಡಲಿಲ್ಲ. “ಅವ್ವಗ ತೋರಸಬೇಕ್ರಿ” ಎಂದಳು.

ಈ ಭಾನುವಾರ ನಿಮ್ಮ ಮನೆಯ ಮಗುವಿಗೆ ಒಂದು ದೊಡ್ಡ ಹಾಳೆ ಕೊಡಿ. ‘ಸೀನರಿ ಬರಿ’ ಎನ್ನಬೇಡಿ. ‘ನಮ್ಮನೇಲಿ ಬೆಳಿಗ್ಗೆ ಏನೇನಾಗುತ್ತೆ, ಬರಿ’ ಎನ್ನಿ. ಬರೆಯುವಾಗ ತಿದ್ದಬೇಡಿ. ಮುಗಿದ ಮೇಲೆ ‘ಇದೇನಿದು?’ ಎನ್ನುವುದರ ಬದಲು ‘ಇದರ ಕಥೆ ಹೇಳು’ ಎನ್ನಿ. ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಹಾಳೆಯ ಹಿಂದೆ ಪೆನ್ಸಿಲಿನಿಂದ ಬರೆದು, ತಾರೀಕು ಹಾಕಿ ಎತ್ತಿಡಿ.